ಎಡಿಟಿಂಗ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಬೇಕಾ? ಮುಂಬೈಯ ಕನ್ನಡ ಎಡಿಟರ್‌ಗಳಿಗೆ ಒಂದು ಹೋಲಿಕೆ

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಟಿವಿ, ವಿಡಿಯೋ ತಂತ್ರಜ್ಞಾನದ ಎನ್‌ಎಬಿ ಮೇಳ ನಡೆಯುತ್ತದೆ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಹೊಸ ಆವೃತ್ತಿಯ ಸುದ್ದಿ ಸಾಮಾನ್ಯವಾಗಿ ಆಗಲೇ ಹೊರಬೀಳುವುದು. ಮರುದಿನದಿಂದ ಅಂಧೇರಿ, ಗೋರೆಗಾಂವ್, ಮೀರಾ ರೋಡ್ ಕಡೆಯ ಎಡಿಟ್ ರೂಮ್‌ಗಳಲ್ಲಿ ಒಂದೇ ಮಾತು: ಹಾಕಿಕೊಂಡ್ರಾ, ಹೇಗಿದೆ, ದುಡ್ಡು ಕೊಡಬಹುದಾ? ಡೊಂಬಿವಲಿಯಲ್ಲಿ ಮದುವೆ ವಿಡಿಯೋ ಮಾಡುವ ನಮ್ಮ ಹುಡುಗರೂ ಇದನ್ನೇ ಕೇಳುತ್ತಾರೆ. ಒಟಿಟಿ ಸರಣಿಗೆ ಅಸಿಸ್ಟೆಂಟ್ ಆಗಿ ದುಡಿಯುವವರೂ ಇದನ್ನೇ ಕೇಳುತ್ತಾರೆ. ಇಬ್ಬರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ.

ಯಾಕೆಂದರೆ ಅಪ್‌ಗ್ರೇಡ್ ಅನ್ನುವ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ನಿರ್ಧಾರಗಳಿವೆ. ಫ್ರೀ ಆವೃತ್ತಿ ಬಿಟ್ಟು ದುಡ್ಡಿನ ಆವೃತ್ತಿಗೆ ಹೋಗುವುದು ಒಂದು. ಕೈಯಲ್ಲಿರುವ ಸಾಫ್ಟ್‌ವೇರಿನ ಹಳೆ ಆವೃತ್ತಿ ಬಿಟ್ಟು ಹೊಸದಕ್ಕೆ ಹೋಗುವುದು ಇನ್ನೊಂದು. ಸಾಫ್ಟ್‌ವೇರನ್ನೇ ಬದಲಾಯಿಸುವುದು ಮೂರನೆಯದು. ಮೊದಲನೆಯದು ಬಹಳ ಜನರಿಗೆ ಲಾಭ. ಎರಡನೆಯದಕ್ಕೆ ಆತುರ ಬೇಡ. ಮೂರನೆಯದು ಕೆಲವರಿಗೆ ಮಾತ್ರ ಹೊಂದುತ್ತದೆ. ನನ್ನ ಅಭಿಪ್ರಾಯ ಇಷ್ಟೇ: ನಿಮ್ಮ ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಅಂತ ಒಂದು ವಾಕ್ಯದಲ್ಲಿ ಹೇಳಲು ಬಂದರೆ, ಮತ್ತು ಹೊಸ ಆವೃತ್ತಿ ಅದೇ ಗಂಟನ್ನು ಬಿಡಿಸಿದರೆ, ದುಡ್ಡು ಕೊಡಿ. ಹೊಸ ಫೀಚರ್‌ಗಳ ಪಟ್ಟಿ ಉದ್ದ ಇದೆ ಅಂತ ಕೊಡಬೇಡಿ.

ರಿಸಾಲ್ವ್: ಫ್ರೀ ಸಾಕಾ, ಸ್ಟುಡಿಯೋ ಬೇಕಾ?

ಇಲ್ಲಿಂದಲೇ ಶುರು ಮಾಡುತ್ತೇನೆ. ಅತಿ ಹೆಚ್ಚು ಜನಕ್ಕೆ ಉಪಯೋಗವಾಗುವ ಹೋಲಿಕೆ ಇದೇ.

ರಿಸಾಲ್ವ್ ಮಾಡುವುದು ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್. 2009ರಲ್ಲಿ ಅವರು ಡಾವಿಂಚಿ ಸಿಸ್ಟಮ್ಸ್ ಕಂಪನಿಯನ್ನು ಕೊಂಡರು. ಅದಕ್ಕೆ ಮುಂಚೆ ಇದು ದೊಡ್ಡ ಲ್ಯಾಬ್‌ಗಳಲ್ಲಿ ಮಾತ್ರ ಇರುತ್ತಿದ್ದ, ಚಿತ್ರದ ಬಣ್ಣ ಹೊಂದಿಸುವ ಕಲರ್ ಗ್ರೇಡಿಂಗ್ ಯಂತ್ರ. ಈಗ ಫ್ರೀ ಆವೃತ್ತಿಯಲ್ಲೇ ಎಡಿಟ್, ಹಲವು ಕ್ಯಾಮೆರಾಗಳ ದೃಶ್ಯ ಒಟ್ಟಿಗೆ ಕಟ್ ಮಾಡುವ ಮಲ್ಟಿಕ್ಯಾಮ್, ಕಲರ್, ಆಡಿಯೋಗೆ ಫೇರ್‌ಲೈಟ್, ಗ್ರಾಫಿಕ್ಸ್‌ಗೆ ಫ್ಯೂಷನ್ ಎಲ್ಲವೂ ಸಿಗುತ್ತವೆ. 4ಕೆ ಯುಎಚ್‌ಡಿವರೆಗೆ, ಸೆಕೆಂಡಿಗೆ 60 ಫ್ರೇಮ್‌ವರೆಗೆ ಔಟ್‌ಪುಟ್ ತೆಗೆಯಬಹುದು. ವಾಟರ್‌ಮಾರ್ಕ್ ಇಲ್ಲ. ಯೂಟ್ಯೂಬ್ ಚಾನೆಲ್ ನಡೆಸುವವರಿಗೆ, ಸಂಘದ ವಾರ್ಷಿಕೋತ್ಸವ ಎಡಿಟ್ ಮಾಡುವವರಿಗೆ ಇದು ಧಾರಾಳ ಸಾಕು. ಸ್ಟುಡಿಯೋ ಅನ್ನುವ ದುಡ್ಡಿನ ಆವೃತ್ತಿಗೆ 295 ಡಾಲರ್. ಒಮ್ಮೆ ಕೊಟ್ಟರೆ ಮುಗಿಯಿತು. ಇದುವರೆಗೆ ಬಂದ ದೊಡ್ಡ ಆವೃತ್ತಿಗಳಿಗೆಲ್ಲ ಹಳೆ ಕೀ ನಡೆದಿದೆ, ಮತ್ತೆ ದುಡ್ಡು ಕೇಳಿಲ್ಲ. ಒಂದು ಆಕ್ಟಿವೇಶನ್ ಕೀ ಎರಡು ಕಂಪ್ಯೂಟರ್‌ಗಳಲ್ಲಿ ನಡೆಯುತ್ತದೆ. ಮನೆಯಲ್ಲಿ ಡೆಸ್ಕ್‌ಟಾಪ್, ಶೂಟಿಗೆ ಲ್ಯಾಪ್‌ಟಾಪ್ ಅಂತ ಇಟ್ಟುಕೊಂಡವರಿಗೆ ಇದು ದೊಡ್ಡ ಅನುಕೂಲ.

ಹಾಗಾದರೆ ಸ್ಟುಡಿಯೋ ಯಾರಿಗೆ ಬೇಕು? ಮೊದಲು ನಿಮ್ಮ ಕ್ಯಾಮೆರಾ ನೋಡಿಕೊಳ್ಳಿ.

ಸೋನಿ ಎ7 3 ಥರದ ಸ್ವಲ್ಪ ಹಳೆ ಕ್ಯಾಮೆರಾ ತನ್ನ ಕಾರ್ಡ್‌ನಲ್ಲಿ ಬಣ್ಣದ ವಿವರ ಕಡಿಮೆ ಇರುವ 8-ಬಿಟ್ 4:2:0 ರೆಕಾರ್ಡ್ ಮಾಡುತ್ತದೆ. ಅದು ಫ್ರೀ ಆವೃತ್ತಿಯಲ್ಲಿ ತೊಂದರೆ ಕೊಡುವುದಿಲ್ಲ. ಎ7 4, ಎಫ್‌ಎಕ್ಸ್3 ಬಂದ ಮೇಲೆ ಮುಂಬೈಯ ಬಾಡಿಗೆ ಕ್ಯಾಮೆರಾಗಳು ಹೆಚ್ಚಾಗಿ ಬಣ್ಣದ ವಿವರ ಜಾಸ್ತಿ ಇರುವ 10-ಬಿಟ್ 4:2:2ಗೆ ಹೋಗಿವೆ. ವಿಂಡೋಸ್‌ನ ಫ್ರೀ ರಿಸಾಲ್ವ್‌ನಲ್ಲಿ ಈ ಫೈಲ್ ಹಾಕಿದರೆ ಧ್ವನಿ ಬರುತ್ತದೆ, ಚಿತ್ರದ ಜಾಗದಲ್ಲಿ ಮೀಡಿಯಾ ಆಫ್‌ಲೈನ್ ಅಂತ ತೋರಿಸುತ್ತದೆ. ಕಾರ್ಡ್ ಹಾಳಾಗಿದೆ ಅಂತ ಜನ ಹೆದರುತ್ತಾರೆ. ಕಾರ್ಡ್ ಸರಿಯಾಗೇ ಇದೆ. ಆ ಫೈಲನ್ನು ಬಿಡಿಸಿ ಓದುವ ಅನುಮತಿ ಫ್ರೀ ಆವೃತ್ತಿಗೆ ಇಲ್ಲ, ಅಷ್ಟೇ. ಶಟರ್ ಎನ್‌ಕೋಡರ್ ಥರದ ಉಚಿತ ಸಾಧನದಲ್ಲಿ ಎಲ್ಲವನ್ನೂ ಎಡಿಟಿಂಗ್‌ಗೆ ಸುಲಭವಾದ ಡಿಎನ್‌ಎಕ್ಸ್‌ಎಚ್‌ಆರ್ ರೂಪಕ್ಕೆ ಪರಿವರ್ತಿಸಿ ದಾಟಿಕೊಳ್ಳಬಹುದು. ಆದರೆ ಫೈಲ್ ಗಾತ್ರ ನಾಲ್ಕೈದು ಪಟ್ಟು ಏರುತ್ತದೆ. ಮೂರು ಕ್ಯಾಮೆರಾದ ಮದುವೆಯ ಮುಹೂರ್ತ, ಧಾರೆ, ಆರತಕ್ಷತೆ ಎಲ್ಲವನ್ನೂ ಹೀಗೆ ಪರಿವರ್ತಿಸಲು ಕೂತರೆ ಒಂದಿಡೀ ದಿನ ಹೋಗುತ್ತದೆ, ಡಿಸ್ಕೂ ತುಂಬುತ್ತದೆ. ತಿಂಗಳಿಗೆ ಇಂಥ ಎರಡು ಕೆಲಸ ಬರುತ್ತಿದ್ದರೆ ಸ್ಟುಡಿಯೋ ಕೊಳ್ಳಲು ಬೇರೆ ಕಾರಣ ಹುಡುಕಬೇಕಿಲ್ಲ. ಆಪಲ್ ಚಿಪ್‌ನ ಮ್ಯಾಕ್ ಇದ್ದವರಿಗೆ ಈ ಕಾಟ ಹೀಗೆ ಇರುವುದಿಲ್ಲ. ಲಿನಕ್ಸ್‌ನಲ್ಲಿ ಇನ್ನೂ ಕಷ್ಟ: ಅಲ್ಲಿಯ ಫ್ರೀ ಆವೃತ್ತಿ ಮಾಮೂಲಿ ಎಚ್.264 ಫೈಲನ್ನೂ ತೆರೆಯುವುದಿಲ್ಲ.

ಎರಡನೆಯ ಕಾರಣ ನಾಯ್ಸ್ ರಿಡಕ್ಷನ್, ಅಂದರೆ ಕತ್ತಲೆ ಚಿತ್ರದಲ್ಲಿ ಬರುವ ಚುಕ್ಕೆಗಳನ್ನು ತೆಗೆಯುವುದು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನಮ್ಮ ಕೆಲಸಕ್ಕೆ ಇದು ಅಷ್ಟು ಹತ್ತಿರದ್ದು.

ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬೈಗೆ ಬರುತ್ತವೆ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಕುರ್ಲಾದ ಬಂಟರ ಭವನ, ಇನ್ನೂ ಎಷ್ಟೋ ಸಭಾಂಗಣಗಳಲ್ಲಿ ಯಕ್ಷಗಾನ ನಡೆಯುತ್ತದೆ. ವೇದಿಕೆಯ ಮಧ್ಯ ಬೆಳಕು, ಅಂಚಿನಲ್ಲಿ ಕತ್ತಲೆ. ಹಿಂದಿನ ಪರದೆ ಕಡು ನೀಲಿಯೋ ಕಪ್ಪೋ ಆಗಿದ್ದರೆ ಅದರ ಮೇಲೆ ಬಣ್ಣದ ಚುಕ್ಕೆಗಳು ಗಿಜಿಗಿಜಿ ಅನ್ನುತ್ತವೆ. ಯೂಟ್ಯೂಬ್‌ಗೆ ಏರಿಸಿದ ಮೇಲೆ ಅದೇ ಚುಕ್ಕೆಗಳು ದಪ್ಪ ದಪ್ಪ ಚೌಕಗಳಾಗುತ್ತವೆ. ಸ್ಟುಡಿಯೋದಲ್ಲಿ ಇದಕ್ಕೆ ಎರಡು ಬಗೆಯ ಮದ್ದು ಇದೆ. ಟೆಂಪೋರಲ್ ಅನ್ನುವುದು ಅಕ್ಕಪಕ್ಕದ ಫ್ರೇಮ್‌ಗಳನ್ನು ಹೋಲಿಸಿ, ಬದಲಾಗುತ್ತಲೇ ಇರುವ ಚುಕ್ಕೆಗಳನ್ನು ತೆಗೆಯುತ್ತದೆ. ಸ್ಪೇಷಿಯಲ್ ಅನ್ನುವುದು ಒಂದೇ ಫ್ರೇಮಿನ ಒಳಗೆ ನಯ ಮಾಡುತ್ತದೆ. ಯಕ್ಷಗಾನಕ್ಕೆ ಸ್ಪೇಷಿಯಲ್ ಜಾಸ್ತಿ ಹಾಕಲೇಬೇಡಿ. ಬಣ್ಣದ ವೇಷದ ಮುಖದ ಮೇಲೆ ಅಕ್ಕಿ ಹಿಟ್ಟಿನ ಚುಟ್ಟಿ ಇಟ್ಟಿರುತ್ತಾರಲ್ಲ, ಆ ಉಬ್ಬು ಉಬ್ಬು ಸಾಲುಗಳು ಕರಗಿ ಬಿಳಿ ಪಟ್ಟಿಯಾಗಿಬಿಡುತ್ತವೆ. ಕಲಾವಿದರು ಗಂಟೆಗಟ್ಟಲೆ ಕನ್ನಡಿ ಮುಂದೆ ಕೂತು ಇಟ್ಟ ಚುಟ್ಟಿ ಅದು.

ಟೆಂಪೋರಲ್ ಒಳ್ಳೆಯದು, ಆದರೆ ದಿಗಿಣ ಹೊಡೆಯುವಾಗ ಎಚ್ಚರ ಬೇಕು. ವೇಷಧಾರಿ ಗಿರಗಿರ ತಿರುಗುವಾಗ ಕಿರೀಟದ ಅಂಚಿನ ಹಿಂದೆ ನೆರಳಿನಂಥ ಬಾಲ ಬರುತ್ತದೆ. ಮೋಷನ್ ರೇಂಜ್ ಅನ್ನು ಲಾರ್ಜ್‌ಗೆ ಇಟ್ಟು, ಫ್ರೇಮ್ ಸಂಖ್ಯೆ ಕಡಿಮೆ ಇಟ್ಟು ನೋಡಿ. ಬಣ್ಣದ ನಾಯ್ಸ್‌ಗೆ, ಅಂದರೆ ಕ್ರೋಮಾಗೆ, ಜಾಸ್ತಿ ಕೊಡಿ. ಲೂಮಾಗೆ, ಅಂದರೆ ಬೆಳಕಿನ ನಾಯ್ಸ್‌ಗೆ, ಚೂರೇ ಚೂರು. ಇದೆಲ್ಲ ಮೊದಲನೆಯ ನೋಡ್‌ನಲ್ಲೇ, ಅಂದರೆ ಬಣ್ಣದ ಕೆಲಸದ ಮೊದಲ ಹಂತದಲ್ಲೇ ಇರಲಿ. ಕಾಂಟ್ರಾಸ್ಟ್ ಏರಿಸಿದ ಮೇಲೆ ನಾಯ್ಸ್ ತೆಗೆಯಲು ಹೋದರೆ ಅದೂ ಬೆಳೆದಿರುತ್ತದೆ. ಜಿಪಿಯುಗೆ, ಅಂದರೆ ಗ್ರಾಫಿಕ್ಸ್ ಕಾರ್ಡ್‌ಗೆ, ಇದು ಭಾರದ ಕೆಲಸ, ಹಾಗಾಗಿ ಎಡಿಟ್ ಎಲ್ಲ ಮುಗಿದ ಮೇಲೆ ಹಾಕಿ.

ಕೊಳ್ಳುವ ಮುಂಚೆ ಪರೀಕ್ಷೆ ಮಾಡುವ ದಾರಿಯೂ ಇದೆ. ಫ್ರೀ ಆವೃತ್ತಿಯಲ್ಲೇ ಸ್ಟುಡಿಯೋದ ಎಫೆಕ್ಟ್ ಹಾಕಿ ನೋಡಬಹುದು. ಚಿತ್ರದ ಮೇಲೆ ವಾಟರ್‌ಮಾರ್ಕ್ ಬರುತ್ತದೆ, ಆದರೆ ಫಲಿತಾಂಶ ಕಾಣುತ್ತದೆ. ನಿಮ್ಮದೇ ಫುಟೇಜ್, ನಿಮ್ಮದೇ ಕಂಪ್ಯೂಟರ್. ಯಾರದೋ ಡೆಮೋ ವಿಡಿಯೋ ನೋಡಿ ನಿರ್ಧರಿಸುವುದಕ್ಕಿಂತ ಇದು ಎಷ್ಟೋ ವಾಸಿ. ಕಂಪ್ಯೂಟರ್ ಅಲ್ಲೇ ಏದುಸಿರು ಬಿಟ್ಟರೆ ಮೊದಲು ಜಿಪಿಯು ಕಡೆ ನೋಡಬೇಕು ಅಂತ ಆಗಲೇ ಗೊತ್ತಾಗುತ್ತದೆ.

ಮೂರನೆಯದು ವಾಯ್ಸ್ ಐಸೊಲೇಶನ್. ಕಿಟಕಿ ಆಚೆ ಲೋಕಲ್ ಟ್ರೈನ್, ರಿಕ್ಷಾ ಹಾರ್ನ್, ಪಕ್ಕದ ಕಟ್ಟಡದ ಡ್ರಿಲ್ಲಿಂಗ್ ಇರುವ ಮುಂಬೈ ಫ್ಲ್ಯಾಟ್‌ನಲ್ಲಿ ಸಂದರ್ಶನ ಮಾಡಿದವರಿಗೆ ಇದು ವರ. ಆದರೆ ಇದು ಮಾತನ್ನು ಮಾತ್ರ ಉಳಿಸುವ ಸಾಧನ. ಚೆಂಡೆ, ಮದ್ದಳೆ ಇದರ ಪಾಲಿಗೆ ಗಲಾಟೆ. ಯಕ್ಷಗಾನದ ಟ್ರ್ಯಾಕ್‌ಗೆ ಹಾಕಿದರೆ ಹಿಮ್ಮೇಳವೇ ಸತ್ತುಹೋಗುತ್ತದೆ. ಅಡೋಬಿ ಕಂಪನಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ 2024ರಿಂದ ಇರುವ ಎನ್‌ಹಾನ್ಸ್ ಸ್ಪೀಚ್‌ಗೂ ಇದೇ ಮಾತು.

ಇನ್ನೊಂದು ವಿಷಯ. ಬ್ಲ್ಯಾಕ್‌ಮ್ಯಾಜಿಕ್‌ನ ಪಾಕೆಟ್ ಸಿನಿಮಾ ಕ್ಯಾಮೆರಾ ಹೊಸದಾಗಿ ಕೊಂಡರೆ ಸ್ಟುಡಿಯೋ ಲೈಸೆನ್ಸ್ ಜೊತೆಗೇ ಬರುತ್ತದೆ. ಸಿಎಸ್‌ಎಂಟಿ ಹತ್ತಿರದ ಬೋರಾ ಬಜಾರ್ ಕಡೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ನೋಡುವವರು ಆ ಕೀ ಕಾರ್ಡ್ ಕೇಳಿ. ಕೀ ಈಗಾಗಲೇ ಬಳಕೆಯಾಗಿದೆಯಾ ಅಂತಲೂ ಕೇಳಿ. ಬಳಕೆಯಾಗಿದ್ದರೆ ಬೆಲೆ ಇಳಿಸಲು ಅದು ಒಳ್ಳೆ ಕಾರಣ.

ಪ್ರೀಮಿಯರ್: ದುಡ್ಡು ಹೇಗೂ ಹೋಗುತ್ತಿದೆ, ಅಪ್‌ಡೇಟ್ ಯಾವಾಗ?

ಪ್ರೀಮಿಯರ್ ಬಳಸುವವರ ಪ್ರಶ್ನೆ ಬೇರೆ. 2012ರ ಸಿಎಸ್6 ಆದ ಮೇಲೆ ಅಡೋಬಿ ಒಂದೇ ಸಲ ಕೊಳ್ಳುವ ಪದ್ಧತಿ ನಿಲ್ಲಿಸಿ, 2013ರಿಂದ ಹೊಸ ಆವೃತ್ತಿಗಳನ್ನು ಚಂದಾ ಕಟ್ಟಿದವರಿಗೆ ಮಾತ್ರ ಕೊಡತೊಡಗಿತು. ಹೊಸ ಆವೃತ್ತಿಗೆ ಬೇರೆ ದುಡ್ಡಿಲ್ಲ. ಆದರೆ ಚಂದಾ ನಿಲ್ಲಿಸಿದ ದಿನ ಹಳೆ ಪ್ರಾಜೆಕ್ಟೂ ತೆರೆಯುವುದಿಲ್ಲ.

ಅಮೆರಿಕದ ದರದಲ್ಲಿ ಲೆಕ್ಕ ಹಾಕೋಣ. ಪ್ರೀಮಿಯರ್ ಒಂದಕ್ಕೇ ವರ್ಷದ ಒಪ್ಪಂದದಲ್ಲಿ ತಿಂಗಳಿಗೆ 22.99 ಡಾಲರ್, ವರ್ಷಕ್ಕೆ ಸುಮಾರು 276. ರಿಸಾಲ್ವ್ ಸ್ಟುಡಿಯೋ ಒಂದೇ ಸಲ 295. ಅಂದರೆ ಒಂದು ವರ್ಷದ ಚಂದಾಗೆ ಇನ್ನು ಸುಮಾರು 20 ಡಾಲರ್ ಸೇರಿಸಿದರೆ ಸ್ಟುಡಿಯೋ ಸಿಗುತ್ತದೆ. ಭಾರತದ ದರ ಬೇರೆ, ಮೇಲೆ ಶೇ. 18 ಜಿಎಸ್‌ಟಿ ಇದೆ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಬಿಲ್‌ನಲ್ಲಿ ನಿಮ್ಮ ನಂಬರ್ ಹಾಕಿಸಿ, ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳಬಹುದು. ಎಷ್ಟೋ ಜನ ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ವರ್ಷದ ಒಪ್ಪಂದ ಮಾಡಿಕೊಂಡು ತಿಂಗಳು ತಿಂಗಳು ಕಟ್ಟುವ ಯೋಜನೆಯಲ್ಲಿ ಮಧ್ಯೆ ಬಿಟ್ಟರೆ ಶುಲ್ಕ ಬೀಳುತ್ತದೆ. ಈ ಶುಲ್ಕವನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸುತ್ತಿಲ್ಲ ಅಂತ 2024ರ ಜೂನ್‌ನಲ್ಲಿ ಗ್ರಾಹಕರ ಹಿತ ನೋಡುವ ಫೆಡರಲ್ ಟ್ರೇಡ್ ಕಮಿಷನ್‌ನ ದೂರಿನ ಮೇಲೆ ಅಮೆರಿಕ ಸರ್ಕಾರ ಅಡೋಬಿ ವಿರುದ್ಧ ಕೇಸು ಹಾಕಿತ್ತು. ಮದುವೆ ಸೀಸನ್‌ಗೆ ಮಾತ್ರ ಪ್ರೀಮಿಯರ್ ಬೇಕು ಅನ್ನುವವರು ಯಾವ ಯೋಜನೆ ಒತ್ತುತ್ತಿದ್ದೀರಿ ಅಂತ ಎರಡು ಸಲ ಓದಿ. ತಿಂಗಳ ಲೆಕ್ಕದ ಯೋಜನೆ ನೋಡಲು ದುಬಾರಿ, ಆದರೆ ಮೂರು ತಿಂಗಳಿಗೆ ಅದೇ ಅಗ್ಗ ಬೀಳುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಪ್ರೀಮಿಯರ್ ಬಿಡಿ ಅಂತ ನಾನು ಹೇಳುತ್ತಿಲ್ಲ. ಅಂಧೇರಿ ವೀರಾ ದೇಸಾಯಿ ರೋಡ್, ಓಶಿವಾರಾ ಕಡೆಯ ಪ್ರೊಡಕ್ಷನ್ ಆಫೀಸ್‌ಗಳಲ್ಲಿ ಪ್ರಾಜೆಕ್ಟ್ ಫೈಲ್ ಕೈಯಿಂದ ಕೈಗೆ ಓಡಾಡುತ್ತದೆ. ಅವರು ಪ್ರೀಮಿಯರ್‌ನಲ್ಲಿ ಇದ್ದರೆ ನೀವೂ ಪ್ರೀಮಿಯರ್‌ನಲ್ಲಿ ಇರಬೇಕು. ಅಡೋಬಿಯದ್ದೇ ಆಫ್ಟರ್ ಎಫೆಕ್ಟ್ಸ್‌ನ ಗ್ರಾಫಿಕ್ಸ್ ಜಾಸ್ತಿ ಇರುವ ಕೆಲಸಕ್ಕೆ ಎರಡೂ ಸಾಫ್ಟ್‌ವೇರ್‌ಗಳನ್ನು ನೇರ ಜೋಡಿಸುವ ಡೈನಮಿಕ್ ಲಿಂಕ್ ಕೊಡುವ ಸುಖ ಬೇರೆ ಎಲ್ಲೂ ಸಿಗುವುದಿಲ್ಲ. ಅಪ್‌ಡೇಟ್ ಮಾಡುವಾಗ ಎರಡನ್ನೂ ಒಟ್ಟಿಗೇ ಮಾಡಿ. ಒಂದು ಹೊಸದು, ಇನ್ನೊಂದು ಹಳೆಯದು ಆದರೆ ಲಿಂಕ್ ಕೆಲಸ ಮಾಡುವುದಿಲ್ಲ.

ಪ್ರೀಮಿಯರ್‌ನ ದೊಡ್ಡ ಗುಣ ಒಂದಿದೆ, ಜನ ಅದನ್ನು ಬಳಸುವುದೇ ಕಮ್ಮಿ. ಒಂದೇ ಕಂಪ್ಯೂಟರಿನಲ್ಲಿ ಹಳೆ ಆವೃತ್ತಿ, ಹೊಸ ಆವೃತ್ತಿ ಎರಡೂ ಇರಬಹುದು. ಅಡೋಬಿಯ ಕ್ರಿಯೇಟಿವ್ ಕ್ಲೌಡ್ ಆಪ್‌ನಲ್ಲಿ ಅಪ್‌ಡೇಟ್ ಒತ್ತುವಾಗ ಹಳೆ ಆವೃತ್ತಿ ತೆಗೆದುಹಾಕು ಅನ್ನುವ ಟಿಕ್ ಇರುತ್ತದೆ. ಅದನ್ನು ತೆಗೆಯಿರಿ. ಆಟೋ ಅಪ್‌ಡೇಟ್ ಕೂಡ ಬಂದ್ ಮಾಡಿ. ಆಮೇಲೆ ನಡೆಯುತ್ತಿರುವ ಕೆಲಸ ಹಳೆಯದರಲ್ಲೇ ಮುಗಿಸಿ, ಹೊಸ ಕೆಲಸ ಬೇಕಿದ್ದರೆ ಹೊಸದರಲ್ಲಿ ಶುರು ಮಾಡಿ. ರಿಸಾಲ್ವ್‌ನಲ್ಲಿ ಈ ಸೌಕರ್ಯ ಇಲ್ಲ. ಹೊಸದು ಹಾಕಿದರೆ ಹಳೆಯದರ ಮೇಲೇ ಕೂರುತ್ತದೆ.

ಎರಡರಲ್ಲೂ ಒಂದು ನಿಯಮ ಸಮಾನ. ಹೊಸ ಆವೃತ್ತಿಯಲ್ಲಿ ಸೇವ್ ಆದ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯುವುದಿಲ್ಲ. ನೀವು ಹೊಸದಕ್ಕೆ ಹೋಗಿ, ಬಣ್ಣ ಹೊಂದಿಸುವ ನಿಮ್ಮ ಕಲರಿಸ್ಟ್ ಹಳೆಯದರಲ್ಲಿ ಉಳಿದರೆ ನಡುರಾತ್ರಿ ಫೋನ್ ಬರುತ್ತದೆ. ಹಾಗಾಗಿ ಪ್ರೊಡಕ್ಷನ್ ಆಫೀಸ್‌ಗಳ ಜೊತೆ ಕೆಲಸ ಮಾಡುವವರು ಆವೃತ್ತಿಯ ಪೂರ್ತಿ ನಂಬರ್ ಕೇಳಿ ತಿಳಿದುಕೊಳ್ಳಿ. "ಲೇಟೆಸ್ಟ್ ಹೈ" ಅನ್ನುವ ಉತ್ತರ ನಂಬಬೇಡಿ. ಸ್ಕ್ರೀನ್‌ಶಾಟ್ ಕೇಳಿ. ಆ ನಂಬರ್ ಬದಲಾಗುವವರೆಗೆ ನಿಮ್ಮದೂ ಬದಲಾಗಬೇಕಾಗಿಲ್ಲ.

ಕನ್ನಡ ಅಕ್ಷರದ ಪರೀಕ್ಷೆ

ಬೇರೆ ಭಾಷೆಯ ಹೋಲಿಕೆ ಲೇಖನಗಳಲ್ಲಿ ಈ ಮಾತು ಸಿಗುವುದಿಲ್ಲ. ನಮಗೆ ಮಾತ್ರ ಇದು ಜೀವನ್ಮರಣದ ವಿಷಯ. ಆಮಂತ್ರಣದ ವಿಡಿಯೋದಲ್ಲಿ "ಶ್ರೀ" ಒಡೆದು ಹೋದರೆ ಮದುಮಗಳ ಅಪ್ಪ ಸುಮ್ಮನಿರುತ್ತಾರಾ?

ಯಾವ ಸಾಫ್ಟ್‌ವೇರ್ ಆಗಲಿ, ಹೊಸ ಆವೃತ್ತಿ ಹಾಕಿದ ತಕ್ಷಣ ಟೈಟಲ್‌ನಲ್ಲಿ ಈ ಪದಗಳನ್ನು ಟೈಪ್ ಮಾಡಿ: ಶ್ರೀಕೃಷ್ಣ, ರಾಷ್ಟ್ರ, ಸ್ತ್ರೀ, ಲಕ್ಷ್ಮೀ, ಸ್ವಾತಂತ್ರ್ಯ, ಕರ್ನಾಟಕ. ಕೊನೆಯದರಲ್ಲಿ ಅರ್ಕಾವತ್ತು ಸರಿಯಾದ ಜಾಗದಲ್ಲಿ ಕೂತಿದೆಯಾ ನೋಡಿ. ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತರೆ ತೊಂದರೆ ಇದೆ ಅಂತ ಅರ್ಥ. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್ ಒಳಗೆ ಗ್ರಾಫಿಕ್ಸ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಅಂತ ಇದೆ. ಅಲ್ಲಿ ಸೌತ್ ಏಷ್ಯನ್ ಅನ್ನುವುದನ್ನು ಆರಿಸಿದರೆ ಮಾತ್ರ ಕನ್ನಡ ನೆಟ್ಟಗೆ ಕೂರುತ್ತದೆ. ಹೊಸ ಆವೃತ್ತಿ ಹಾಕಿದಾಗ ಹಳೆ ಸೆಟ್ಟಿಂಗ್ ಬಂದಿರುತ್ತದೆ ಅಂತ ನಂಬಬೇಡಿ, ತೆರೆದು ನೋಡಿ. ರಿಸಾಲ್ವ್‌ನಲ್ಲಿ ಮಾಮೂಲಿ ಟೆಕ್ಸ್ಟ್ ಮತ್ತು ಟೆಕ್ಸ್ಟ್ ಪ್ಲಸ್ ಎರಡರಲ್ಲೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ. ಒಂದರಲ್ಲಿ ಸರಿ ಬಂದದ್ದು ಇನ್ನೊಂದರಲ್ಲಿ ಬರಬೇಕು ಅಂತೇನಿಲ್ಲ.

ಇನ್ನು ಹಳೆ ಪ್ರಾಜೆಕ್ಟ್‌ಗಳ ವಿಷಯ. ಒಂದು ಕಾಲದಲ್ಲಿ ನಾವೆಲ್ಲ ಪ್ರೀಮಿಯರ್‌ನ ಹಳೆ ಅಕ್ಷರ ಸಾಧನವಾದ ಲೆಗಸಿ ಟೈಟಲ್‌ನಲ್ಲಿ ನುಡಿ ಫಾಂಟ್ ಹಾಕಿ ಹೆಸರು ಬರೆಯುತ್ತಿದ್ದೆವು. ಅದು ಯೂನಿಕೋಡ್ ಅಲ್ಲದ ಹಳೆ ನುಡಿ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಗೊಂಚಲು, ಮೇಲೆ ಕಾಣುವುದು ಕನ್ನಡದ ರೂಪ. ಒತ್ತಕ್ಷರ ಒಡೆಯದೇ ಇರಲು ಆಗ ಅದೇ ದಾರಿಯಾಗಿತ್ತು. 2022ರ ಕೊನೆಗೆ ಬಂದ 23ನೇ ಆವೃತ್ತಿಯ ಹೊತ್ತಿಗೆ ಅಡೋಬಿ ಲೆಗಸಿ ಟೈಟಲನ್ನೇ ನಿಲ್ಲಿಸಿತು. ಹಳೆಯ ಟೈಟಲ್‌ಗಳನ್ನು ಹೊಸ ಗ್ರಾಫಿಕ್ ಆಗಿ ಪರಿವರ್ತಿಸಿಕೊಳ್ಳಬೇಕು. ಹೀಗೆ ಮಾಡುವಾಗ ಆ ಫಾಂಟ್ ನಿಮ್ಮ ಹೊಸ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಸಾಲು ಕಾಣುತ್ತದೆ. ಯಾವುದಾದರೂ ಸಂಘ ಐದಾರು ವರ್ಷದ ಹಿಂದಿನ ಕಾರ್ಯಕ್ರಮದ ವಿಡಿಯೋ ಸ್ವಲ್ಪ ಬದಲಾಯಿಸಿ ಕೊಡಿ ಅಂತ ಕೇಳಿದಾಗ ಇದು ಎದುರಾಗುತ್ತದೆ. ಪರಿಹಾರ ಸರಳ. ಹಳೆ ನುಡಿ ಫಾಂಟ್ ಫೈಲ್‌ಗಳನ್ನು ಪ್ರಾಜೆಕ್ಟ್ ಫೋಲ್ಡರ್ ಒಳಗೇ ಇಟ್ಟುಕೊಳ್ಳಿ. ಟೈಟಲ್‌ಗಳನ್ನು ಪಾರದರ್ಶಕ ಪಿಎನ್‌ಜಿ ಚಿತ್ರಗಳಾಗಿ ಒಮ್ಮೆ ತೆಗೆದಿಟ್ಟುಕೊಳ್ಳಿ. ಹೊಸ ಕೆಲಸವನ್ನೆಲ್ಲ ಯೂನಿಕೋಡ್ ಫಾಂಟ್‌ನಲ್ಲೇ ಮಾಡಿ.

ಮಾತನ್ನು ತಾನಾಗಿ ಬರಹ ಮಾಡುವ ಫೀಚರ್ ಬಗ್ಗೆಯೂ ಹೇಳಬೇಕು. ಈಗಿನ ಅಪ್‌ಗ್ರೇಡ್ ಜಾಹೀರಾತುಗಳ ಅರ್ಧ ಭಾಗ ಇದೇ. ಪ್ರೀಮಿಯರ್‌ನಲ್ಲಿ 2023ರಿಂದ ಟೆಕ್ಸ್ಟ್ ನೋಡಿಕೊಂಡೇ ಕಟ್ ಮಾಡಬಹುದು. ರಿಸಾಲ್ವ್ ಸ್ಟುಡಿಯೋದಲ್ಲೂ ಅದೇ ವರ್ಷ 18.5ರಲ್ಲಿ ಬಂತು. ಪ್ರೀಮಿಯರ್‌ನ ಪಟ್ಟಿಯಲ್ಲಿ ಹಿಂದಿ ಇದೆ. ಮುಂಬೈಯಲ್ಲಿ ಹಿಂದಿ ಸಂದರ್ಶನ, ಕಾರ್ಪೊರೇಟ್ ವಿಡಿಯೋ ಮಾಡುವವರಿಗೆ ಇದು ನಿಜಕ್ಕೂ ಗಂಟೆಗಳನ್ನು ಉಳಿಸುತ್ತದೆ. ಎರಡು ಗಂಟೆ ಮಾತಿನಲ್ಲಿ ಬೇಕಾದ ಒಂದು ವಾಕ್ಯ ಹುಡುಕುವ ಪಾಡು ತಪ್ಪುತ್ತದೆ. ಆದರೆ ಕನ್ನಡ ಕೆಲಸಕ್ಕೆ ಅಂತ ಇದನ್ನು ನಂಬಿ ದುಡ್ಡು ಕಟ್ಟಬೇಡಿ. ಕಟ್ಟುವ ಮುಂಚೆ ಭಾಷೆಗಳ ಪಟ್ಟಿ ತೆರೆದು ನಿಮ್ಮ ಭಾಷೆ ಇದೆಯಾ ನೋಡಿ. ನಮ್ಮ ಸಂದರ್ಶನಗಳಲ್ಲಿ ಕನ್ನಡ, ತುಳು, ಮರಾಠಿ, ಹಿಂದಿ ಒಂದೇ ಉಸಿರಿಗೆ ಬರುತ್ತವೆ, ಅಲ್ವಾ? ಅಂಥ ಕಡೆ ಈಗಲೂ ಕಿವಿಯೇ ಗತಿ.

ಫೈನಲ್ ಕಟ್ ಮತ್ತು ಅವಿಡ್

ಮ್ಯಾಕ್ ಇದ್ದು, ಒಬ್ಬರೇ ಕೂತು ವೇಗವಾಗಿ ಕೆಲಸ ಮುಗಿಸುವವರಿಗೆ ಆಪಲ್‌ನ ಫೈನಲ್ ಕಟ್ ಪ್ರೊ ಬಹಳ ಒಳ್ಳೆಯದು. ಕಡಿಮೆ ಮೆಮೊರಿಯ ಮ್ಯಾಕ್‌ಬುಕ್‌ನಲ್ಲೂ ಹಗುರಾಗಿ ಓಡುತ್ತದೆ. ಅಮೆರಿಕದಲ್ಲಿ ಒಂದೇ ಸಲದ ಬೆಲೆ 299.99 ಡಾಲರ್. 2011ರಲ್ಲಿ ಕೊಂಡವರಿಗೆ 2024ರ ನವೆಂಬರ್‌ನಲ್ಲಿ ಬಂದ 11ನೇ ಆವೃತ್ತಿಯೂ ಉಚಿತವಾಗಿಯೇ ಸಿಕ್ಕಿತು. ದುಡ್ಡಿನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆ ವ್ಯವಹಾರ ಕಡಿಮೆ. ಆದರೆ ಅದೇ 2011ರ ಜೂನ್ ನೆನಪಿರುವ ಹಿರಿಯ ಎಡಿಟರ್‌ಗಳು ಮುಂಬೈಯಲ್ಲಿ ಇನ್ನೂ ಇದ್ದಾರೆ. ಆಪಲ್ ಹೊಸ ಫೈನಲ್ ಕಟ್ ತಂದಾಗ ಫೈನಲ್ ಕಟ್ 7ರ ಪ್ರಾಜೆಕ್ಟ್‌ಗಳು ಅದರಲ್ಲಿ ತೆರೆಯುತ್ತಲೇ ಇರಲಿಲ್ಲ. ಶುರುವಿನಲ್ಲಿ ಮಲ್ಟಿಕ್ಯಾಮ್ ಕೂಡ ಇರಲಿಲ್ಲ. ಬಹಳ ಜನ ಆಗಲೇ ಪ್ರೀಮಿಯರ್‌ಗೆ, ಅವಿಡ್‌ಗೆ ಹೋದರು. ಅಪ್‌ಗ್ರೇಡ್ ಅಂದರೆ ಹಿರಿಯರು ಯಾಕೆ ಹಿಂದೆ ಮುಂದೆ ನೋಡುತ್ತಾರೆ ಅನ್ನುವುದಕ್ಕೆ ಇದೊಂದೇ ಘಟನೆ ಸಾಕು.

ಫೈನಲ್ ಕಟ್‌ನಲ್ಲಿ ಒಂದು ಎಚ್ಚರ. ಆಪ್ ಸ್ಟೋರ್ ತಾನಾಗಿ ಅಪ್‌ಡೇಟ್ ಮಾಡಿಬಿಡುತ್ತದೆ, ಹಳೆಯದು ಮತ್ತೆ ಸಿಗುವುದು ಕಷ್ಟ. ಆಟೋ ಅಪ್‌ಡೇಟ್ ನಿಲ್ಲಿಸಿ. ಅಪ್‌ಡೇಟ್‌ಗೆ ಮುಂಚೆ ಹಳೆ ಆಪ್ ಅನ್ನು ಜಿಪ್ ಮಾಡಿ ಬೇರೆ ಡಿಸ್ಕ್‌ನಲ್ಲಿ ಇಡಿ. ಲೈಬ್ರರಿಯ ಪ್ರತಿಯನ್ನೂ ಇಡಿ.

ಅವಿಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿನಿಮಾ, ದೊಡ್ಡ ಸರಣಿಗಳಲ್ಲಿ ಅಸಿಸ್ಟೆಂಟ್ ಆಗಬೇಕಾದರೆ ಕಲಿಯಲೇಬೇಕು. ಅಲ್ಲಿ ಆವೃತ್ತಿ ಯಾವುದು ಅಂತ ನಿರ್ಧರಿಸುವುದು ಆಫೀಸ್. ಮನೆಗೆ ಅಂತ ಕೊಳ್ಳುವ ಅಗತ್ಯ ಬಹಳ ಜನರಿಗೆ ಇಲ್ಲ.

ಸಾಫ್ಟ್‌ವೇರ್‌ಗೆ ಮುಂಚೆ ದುಡ್ಡು ಹೋಗಬೇಕಾದ ಜಾಗ

ಟೈಮ್‌ಲೈನ್ ತಡವರಿಸುತ್ತಿದೆ ಅಂತ ಸಾಫ್ಟ್‌ವೇರ್ ಬದಲಾಯಿಸಲು ಹೊರಟವರನ್ನು ನಾನು ಮೊದಲು ತಡೆಯುತ್ತೇನೆ. ಹೆಚ್ಚು ಸಲ ತಪ್ಪು ಸಾಫ್ಟ್‌ವೇರಿನದ್ದಲ್ಲ. ಫುಟೇಜ್ ಹಳೆ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಇರುತ್ತದೆ, ಅಥವಾ 4:2:2 ಫೈಲನ್ನು ಬಿಡಿಸುವ ಶಕ್ತಿ ಚಿಪ್‌ಗೆ ಇರುವುದಿಲ್ಲ.

ಗ್ರಾಂಟ್ ರೋಡ್ ಹತ್ತಿರದ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಪಿಸಿ ಕಟ್ಟಿಸುವವರು ಇದೊಂದನ್ನು ಬರೆದಿಟ್ಟುಕೊಳ್ಳಿ. ಇಂಟೆಲ್‌ನ 11ನೇ ತಲೆಮಾರಿನಿಂದ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಚಿಪ್ ಎಚ್.265ರ 10-ಬಿಟ್ 4:2:2 ಫೈಲನ್ನು ನೇರವಾಗಿ ಬಿಡಿಸುತ್ತದೆ. ಎನ್‌ವಿಡಿಯಾದಲ್ಲಿ ಈ ಶಕ್ತಿ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಹಾಗಾಗಿ ಆರ್‌ಟಿಎಕ್ಸ್ 30, 40 ಕಾರ್ಡ್ ಹಾಕಿದರೂ 4:2:2 ಆಡಿಸಲು ಇಂಟೆಲ್‌ನ ಆ ಪುಟ್ಟ ಚಿಪ್ಪೇ ಬೇಕು. ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್‌ನಲ್ಲಿ ಆ ಚಿಪ್ ಇರುವುದಿಲ್ಲ. ಸ್ವಲ್ಪ ಅಗ್ಗ ಅಂತ ಅಂಗಡಿಯವರು ಅದನ್ನೇ ತೋರಿಸುತ್ತಾರೆ. ಗೇಮ್ ಆಡುವವರಿಗೆ ನಡೆಯುತ್ತದೆ, ನಮಗೆ ನಡೆಯುವುದಿಲ್ಲ. "ಎಫ್ ನಹೀ ಚಾಹಿಯೇ" ಅಂತ ಮೊದಲೇ ಹೇಳಿ. ಸೋನಿ ಕ್ಯಾಮೆರಾದವರು ಎಕ್ಸ್‌ಎವಿಸಿ ಎಚ್‌ಎಸ್‌ನಲ್ಲಿ ಶೂಟ್ ಮಾಡಿದರೆ ಅದು ಎಚ್.265. ಎಕ್ಸ್‌ಎವಿಸಿ ಎಸ್ ಆದರೆ ಎಚ್.264, ಅದರ 4:2:2ಗೆ 11ರಿಂದ 14ನೇ ತಲೆಮಾರಿನ ಇಂಟೆಲ್ ಚಿಪ್ ಸಹಾಯ ಮಾಡುವುದಿಲ್ಲ.

ಇದ್ಯಾವುದಕ್ಕೂ ದುಡ್ಡಿಲ್ಲದಿದ್ದರೆ ಪ್ರಾಕ್ಸಿ, ಅಂದರೆ ಫುಟೇಜ್‌ನ ಹಗುರ ನಕಲು ಮಾಡಿಕೊಳ್ಳಿ. ರಾತ್ರಿ ಮಲಗುವ ಮುಂಚೆ ಹಾಕಿಟ್ಟರೆ ಬೆಳಿಗ್ಗೆಗೆ ಆಗಿರುತ್ತದೆ. ಹಳೆ ಲ್ಯಾಪ್‌ಟಾಪ್‌ನಲ್ಲೂ ಮೂರು ಕ್ಯಾಮೆರಾದ ಯಕ್ಷಗಾನ ಆರಾಮಾಗಿ ಕಟ್ ಮಾಡಬಹುದು. ಪ್ರೀಮಿಯರ್ ಬಳಸುವವರಿಗೆ ನಾಯ್ಸ್ ಒಂದೇ ತೊಂದರೆ ಆದರೆ ಸಾಫ್ಟ್‌ವೇರ್ ಬದಲಾಯಿಸುವ ಬದಲು ನೀಟ್ ವಿಡಿಯೋ ಪ್ಲಗಿನ್ ಕೊಂಡರೆ ಸಾಕು.

ಕ್ರ್ಯಾಕ್ ಆವೃತ್ತಿ ಬಗ್ಗೆ ಕೇಳುವವರೂ ಇದ್ದಾರೆ. ಬೇಡವೇ ಬೇಡ. ಅದರ ಜೊತೆ ಏನೇನು ಒಳಗೆ ಬರುತ್ತದೋ ಗೊತ್ತಾಗುವುದಿಲ್ಲ, ಮತ್ತು ನಿಮ್ಮ ಡಿಸ್ಕ್‌ನಲ್ಲಿ ಇರುವುದು ಬೇರೆಯವರ ಮನೆಯ ಮದುವೆ. ಇಷ್ಟು ಒಳ್ಳೆಯ ಫ್ರೀ ಆವೃತ್ತಿ ಇರುವಾಗ ಆ ದಾರಿ ಹಿಡಿಯುವ ಅಗತ್ಯವೇ ಇಲ್ಲ.

ನಾನು ಯಾರಿಗೆ ಏನು ಹೇಳುತ್ತೇನೆ

ವಿಂಡೋಸ್ ಇದೆ, ಹೊಸ ಕ್ಯಾಮೆರಾ ಬಂದಿದೆ, ಒಬ್ಬರೇ ಕೆಲಸ ಮಾಡುತ್ತೀರಿ ಅಂದರೆ ರಿಸಾಲ್ವ್ ಸ್ಟುಡಿಯೋ ಕೊಳ್ಳಿ, ಯೋಚನೆ ಮಾಡಬೇಡಿ. ಮೊಬೈಲ್ ಅಥವಾ 8-ಬಿಟ್ ಕ್ಯಾಮೆರಾ ಫುಟೇಜ್, ಹಗಲು ಬೆಳಕಿನ ಕೆಲಸ ಅಂದರೆ ಫ್ರೀಯಲ್ಲೇ ಇರಿ, ಆ ದುಡ್ಡಿನಲ್ಲಿ ಎಸ್‌ಎಸ್‌ಡಿ ತೆಗೆದುಕೊಳ್ಳಿ. ಅಂಧೇರಿಯ ಆಫೀಸ್‌ಗಳಿಗೆ ಪ್ರೀಮಿಯರ್‌ನಲ್ಲಿ ಕೆಲಸ ಮಾಡಿಕೊಡುತ್ತೀರಿ ಅಂದರೆ ಚಂದಾ ಇಟ್ಟುಕೊಳ್ಳಿ, ಅವರ ಆವೃತ್ತಿಯಲ್ಲೇ ಇರಿ. ಮ್ಯಾಕ್ ಇದ್ದು ಫೈನಲ್ ಕಟ್‌ನಲ್ಲಿ ಕೈ ಕುದುರಿದ್ದರೆ ಅಲ್ಲಿಂದ ಕದಲಬೇಡಿ. ಪ್ರೀಮಿಯರ್ ಬಿಟ್ಟು ರಿಸಾಲ್ವ್‌ಗೆ ಬರಬೇಕು ಅಂತ ಮನಸ್ಸಿದ್ದರೆ ಮೊದಲು ಒಂದು ಸಣ್ಣ ಕೆಲಸವನ್ನು ಫ್ರೀ ಆವೃತ್ತಿಯಲ್ಲಿ ಪೂರ್ತಿ ಮುಗಿಸಿ, ಗಣೇಶೋತ್ಸವದ ಐದು ನಿಮಿಷದ ವಿಡಿಯೋ ಆದರೂ ಸರಿ. ಆಮೇಲೂ ಒಂದು ಸೀಸನ್ ಚಂದಾ ಉಳಿಸಿಕೊಳ್ಳಿ. ಚಂದಾ ನಿಲ್ಲಿಸುವ ಮುಂಚೆ ಮುಖ್ಯ ಪ್ರಾಜೆಕ್ಟ್‌ಗಳನ್ನೆಲ್ಲ ಎಕ್ಸ್‌ಎಂಎಲ್ ಆಗಿ ತೆಗೆದಿಡಿ. ರಿಸಾಲ್ವ್ ಅದನ್ನು ಓದುತ್ತದೆ. ಕಟ್‌ಗಳು ಬರುತ್ತವೆ, ಎಫೆಕ್ಟ್‌ಗಳು ಹೆಚ್ಚಾಗಿ ಬರುವುದಿಲ್ಲ.

ಹೊಸ ಆವೃತ್ತಿ ಹಾಕುವ ದಿನದ ಕ್ರಮ ಹೀಗಿರಲಿ. ಕೈಯಲ್ಲಿ ಡೆಲಿವರಿ ಬಾಕಿ ಇರುವಾಗ ಬೇಡ. ಮೊದಲ ಆವೃತ್ತಿ ಬಂದ ವಾರವೂ ಬೇಡ, ದೋಷ ಸರಿಪಡಿಸಿದ ಒಂದೆರಡು ಸಣ್ಣ ಅಪ್‌ಡೇಟ್ ಬರಲಿ. ಹೊಸ ರಿಸಾಲ್ವ್ ಹೊಸ ಮ್ಯಾಕ್‌ಒಎಸ್ ಕೇಳಬಹುದು, ಹಾಗಾಗಿ ಸಿಸ್ಟಮ್ ಅಗತ್ಯಗಳ ಪುಟ ಮೊದಲು ಓದಿ. ರಿಸಾಲ್ವ್ ಆದರೆ ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ ಲೈಬ್ರರಿಯ ಬ್ಯಾಕಪ್ ತೆಗೆದು ಬೇರೆ ಡಿಸ್ಕ್‌ಗೆ ಹಾಕಿ. ಹೊಸದು ತೆರೆದ ಕೂಡಲೇ ಲೈಬ್ರರಿ ಅಪ್‌ಗ್ರೇಡ್ ಮಾಡಲಾ ಅಂತ ಕೇಳುತ್ತದೆ. ಹೌದು ಅಂದರೆ ಹಳೆ ರಿಸಾಲ್ವ್‌ಗೆ ಆ ಲೈಬ್ರರಿ ಮತ್ತೆ ತೆರೆಯುವುದಿಲ್ಲ. ಪ್ಲಗಿನ್ ಕಂಪನಿಗಳು ಹೊಸ ಆವೃತ್ತಿಗೆ ಸಿದ್ಧವಾಗಿವೆಯಾ ನೋಡಿ. ಹಳೆ ಇನ್‌ಸ್ಟಾಲರ್ ಫೈಲ್ ಅಳಿಸಬೇಡಿ. ಬ್ಲ್ಯಾಕ್‌ಮ್ಯಾಜಿಕ್‌ನವರ ಸಪೋರ್ಟ್ ಪುಟದಲ್ಲಿ ಹಳೆ ಆವೃತ್ತಿಗಳು ಸಿಗುತ್ತವೆ, ಆದರೆ ಗಡಿಬಿಡಿಯಲ್ಲಿ ಅಷ್ಟು ದೊಡ್ಡ ಫೈಲ್ ಡೌನ್‌ಲೋಡ್ ಮಾಡುತ್ತಾ ಕೂರುವುದಕ್ಕಿಂತ ಡಿಸ್ಕ್‌ನಲ್ಲೇ ಇದ್ದರೆ ಅರ್ಧ ಗಂಟೆಯಲ್ಲಿ ಹಳೆಯದಕ್ಕೆ ವಾಪಸ್ ಬರಬಹುದು.